ತಾಮ್ರ ಮುಗಿದು ಪ್ಲಾಸ್ಟಿಕ್ ಶುರುವಾಗುವ ಜಾಗ

ಬಿರುಕು ಜೀರಿಗೆಕಾಳಿನಷ್ಟು ಉದ್ದವಿತ್ತು, ಜೀರಿಗೆಯ ಹಾಗೆ ತುಸು ಬಾಗಿಯೂ ಇತ್ತು. ಅದರ ಕೆಳತುದಿಯಲ್ಲಿ ಒಂದು ಹನಿ ನಿಧಾನವಾಗಿ ದಪ್ಪಗಾಗಿ, ಸ್ವಲ್ಪ ಹೊತ್ತು ನೇತಾಡಿ, ಕೆಳಗಿನ ಕಲ್ಲುಚಪ್ಪಡಿಯ ಮೇಲೆ ಬೀಳುತ್ತಿತ್ತು. ಒಂದು ಹನಿಗೂ ಇನ್ನೊಂದಕ್ಕೂ ನಡುವೆ ಹಲ್ಲುಜ್ಜಿ ಮುಗಿಸಬಹುದಿತ್ತು. ನಾನು ಮುಗಿಸಿ, ಬಾಯಿ ತೊಳೆದುಕೊಂಡು, ಅಮ್ಮನನ್ನು ಕರೆದೆ.

ಅಮ್ಮ ಬಂದು ನೋಡಿದಳು. "ಮತ್ತೆ ಬಂತಾ," ಅಂದಳು, ಬೇಡದ ನೆಂಟರ ಬಗ್ಗೆ ಹೇಳುವ ಹಾಗೆ.

ಬಚ್ಚಲಿನ ಬಿಸಿನೀರಿನ ಪೈಪಿನ ಅದೇ ಜಾಗದಲ್ಲಿ ಅದು ಎರಡನೇ ಬಿರುಕು. ಒಳಕೋಣೆಯಲ್ಲಿ ಅಕ್ಕ ಎಡಮಗ್ಗುಲಾಗಿ ಮಲಗಿದ್ದಳು. ಅವಳಿಗೆ ದಿನ ತುಂಬುತ್ತಾ ಬಂದಿತ್ತು. ಪೈಪು ಸೋರುವುದಕ್ಕೂ ಅವಳಿಗೂ ಏನು ಸಂಬಂಧ ಎಂದು ಹೇಳುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಮನೆ ಮಧುಗಿರಿಯಲ್ಲಿದೆ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅಮ್ಮ, ನಾನು ಇಬ್ಬರೇ. ನಾನು ಕೊರಟಗೆರೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಬೆಳಿಗ್ಗೆ ಬಸ್ಸು ಹಿಡಿದು ಹೋಗುತ್ತೇನೆ, ಸಂಜೆ ಬರುತ್ತೇನೆ. ಅಕ್ಕನನ್ನು ಕೊಟ್ಟಿರುವುದು ಪಾವಗಡದ ಕಡೆಗೆ, ತಿರುಮಣಿಯ ಹತ್ತಿರ. ಅವಳ ಅತ್ತೆಯ ಮನೆಯವರು ಹೊಲದ ಬಹುಭಾಗವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಿದ್ದಾರೆ. ಅವರ ಜಮೀನಿನಲ್ಲಿ ಈಗ ನೀಲಿ ಹಲಗೆಗಳು ಸಾಲಾಗಿ ಬಿಸಿಲಿಗೆ ಮುಖ ಮಾಡಿ ನಿಂತಿವೆ. ಊರ ಪಕ್ಕದ ಸಣ್ಣ ತುಂಡೊಂದನ್ನು ಮಾತ್ರ ಉಳಿಸಿಕೊಂಡು ಅದರಲ್ಲಿ ಕಡಲೆಕಾಯಿ ಹಾಕುತ್ತಾರೆ. ಅಕ್ಕನ ಅತ್ತೆ ಅದನ್ನು ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸಿ, ನಮಗೂ ಒಂದು ಕ್ಯಾನು ಕಳಿಸುತ್ತಾರೆ. ಎಣ್ಣೆ ಚೆನ್ನಾಗಿರುತ್ತದೆ.

ನಮ್ಮ ಹಿತ್ತಲಿನಲ್ಲಿ ತಗಡಿನ ಮಾಡಿನ ಕೆಳಗೆ ತಾಮ್ರದ ಬಾಯ್ಲರ್ ಇದೆ. ನಿಂತ ಪೀಪಾಯಿಯಂತಹ ಪಾತ್ರೆ, ನಡುವೆ ಸೌದೆ ಉರಿಸುವ ಕೊಳವೆ, ಸುತ್ತ ನೀರು. ಅಮ್ಮ ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಕಾದ ನೀರನ್ನು ಬಕೆಟ್ಟಿಗೆ ಹಿಡಿದು, ಅಂಗಳ ದಾಟಿ, ಬಚ್ಚಲಿಗೆ ಹೊತ್ತು ತರುವುದು ನಮ್ಮ ಪದ್ಧತಿ. ಇಬ್ಬರೇ ಇದ್ದಾಗ ಅದೇನೂ ಕಷ್ಟವಾಗಿರಲಿಲ್ಲ.

ಅಕ್ಕನ ಸೀಮಂತಕ್ಕೆ ಬಂದಿದ್ದ ಬೀಗಿತ್ತಿ ಇದನ್ನು ನೋಡಿದರು. ಅವರು ಅಮ್ಮನನ್ನು ತೆಲುಗಿನಲ್ಲೇ ವದಿನಾ, ಅಂದರೆ ಅತ್ತಿಗೆ, ಎಂದು ಕರೆಯುತ್ತಾರೆ. ಅಮ್ಮ ಅವರನ್ನು ಬೀಗಿತ್ತಮ್ಮ ಎನ್ನುತ್ತಾಳೆ. ಇಬ್ಬರ ನಡುವೆ ಜಗಳವಾದದ್ದನ್ನು ನಾನು ನೋಡಿಲ್ಲ. ಜಗಳವಿಲ್ಲದೆಯೇ ಎಲ್ಲ ಕೆಲಸಗಳೂ ನಡೆಯುತ್ತವೆ.

"ವದಿನಾ, ಬಾಣಂತಿಗೆ ನೀರು ಅಂದ್ರೆ ಸುಮ್ನೆನಾ? ಇಲ್ಲಿಂದ ಅಲ್ಲಿಗೆ ನೀನು ಹೊತ್ಕೊಂಡು ಬರೋಷ್ಟ್ರಲ್ಲಿ ನೀರು ತಣ್ಣಗಾತೈತೆ, ನಿನ್ನ ಸೊಂಟ ಬಿಸಿಯಾತೈತೆ," ಅಂದರು. "ನಮ್ಮನೇಲಿ ಎರಡು ಗೀಸರ್ ಐತೆ. ನಲ್ಲಿ ತಿರುಗಿಸಿದ್ರೆ ಸರಿ. ಆಸ್ಪತ್ರೆಯಿಂದ ನೇರಾ ಅಲ್ಲಿಗೇ ಕರ್ಕೊಂಡೋಗ್ತೀನಿ."

"ಚೊಚ್ಚಲು ಬಾಣಂತನ ತವ್ರಲ್ಲೇ ಅಲ್ವಾ ಬೀಗಿತ್ತಮ್ಮ," ಅಂದಳು ಅಮ್ಮ.

"ಅಯ್ಯೋ, ನಾನೇನು ಬ್ಯಾಡ ಅಂದ್ನಾ? ನಲ್ಲೀಲಿ ಬಿಸಿನೀರು ಬರಂಗೆ ಮಾಡ್ಸು, ಇಟ್ಕೋ. ಡಿಸ್ಚಾರ್ಜ್ ದಿನ ಬಂದು ನೋಡ್ತೀನಿ. ಇಲ್ದಿದ್ರೆ ಕಾರು ಹೆಂಗೂ ತಂದಿರ್ತೀನಿ."

ಆ ದಿನ ಸಂಜೆ ಅಕ್ಕ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡು ನನ್ನ ಮಂಚದ ಮೇಲೆ ಕುಳಿತಳು. ಅವಳು ದೂರುವ ಸ್ವಭಾವದವಳಲ್ಲ.

"ಅಲ್ಲಿ ಬಚ್ಚಲಿಗೆ ಚಿಲಕ ಹಾಕ್ಕೊಳೋ ಹಂಗಿಲ್ಲ ಕಣೆ," ಅಂದಳು.

"ಚಿಲಕ ಇಲ್ವಾ?"

"ಐತೆ. ಹಾಕ್ಕೊಳೋ ಹಂಗಿಲ್ಲ. ನನ್ನ ಓರಗಿತ್ತಿಗೆ ನೀರು ಹಾಕೋವಾಗ ಅತ್ತೆ, ಅವರ ತಂಗಿ, ಪಕ್ಕದ ಮನೆಯೋರು ಎಲ್ಲ ಒಳಗೇ ಕೂತಿದ್ರು. ಹೊಟ್ಟೆ ಎಷ್ಟು ಇಳೀತು, ಹಾಲು ಬಂತಾ, ಇಲ್ಲಿ ಹಿಂಗ್ಯಾಕೆ ಗೆರೆ ಐತೆ. ಪಾಪ, ಅವರು ಕೆಟ್ಟೋರಲ್ಲ. ನೋಡ್ತಾರೆ ಅಷ್ಟೆ." ಸ್ವಲ್ಪ ಹೊತ್ತು ಬಳೆ ತಿರುಗಿಸಿದಳು. "ನಂಗೆ ಅಮ್ಮ ನೀರು ಹಾಕ್ಲಿ."

ನಮ್ಮ ಮನೆಯಲ್ಲಿ ಯಾರಾದರೂ ಏನನ್ನಾದರೂ ಬೇಕು ಎಂದು ಹೇಳುವುದು ಅಪರೂಪ. ನಾನು ಆಗಲಿ ಅಂದೆ.

ಮೊದಲು ನಮ್ಮ ಬೀದಿಯ ಪ್ಲಂಬರ್ ಒಬ್ಬ ಬಂದ. ಬಾಯ್ಲರಿನ ಮೂತಿಗೇ ಬಿಸಿನೀರಿನ ಪ್ಲಾಸ್ಟಿಕ್ ಪೈಪನ್ನು ಸಿಕ್ಕಿಸಿ, ಗೋಡೆಯಲ್ಲಿ ತೂತು ಮಾಡಿ ಬಚ್ಚಲಿಗೆ ಎಳೆದ. ಸೌದೆ ಹಚ್ಚಿದ ಮೊದಲ ದಿನವೇ ಪೈಪು ಪಡವಲಕಾಯಿಯ ಹಾಗೆ ಜೋತುಬಿತ್ತು. ಅವನು ಬಂದು ನೋಡಿ, ಬೆಂಕಿ ಕಮ್ಮಿ ಹಾಕಿ ಎಂದು ಸಲಹೆ ಕೊಟ್ಟು ಹೋದ.

ತಾಮ್ರದ ಕೆಲಸ ಬಲ್ಲವರು ಯಾರು ಎಂದು ವಿಚಾರಿಸಿದಾಗ ಶಿರಾದವರೊಬ್ಬರ ಹೆಸರು ಬಂತು. ಅವರ ತಂದೆ ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರಂತೆ. ಪಾತ್ರೆಗಳೆಲ್ಲ ಸ್ಟೀಲ್ ಆದ ಮೇಲೆ ಮಗ ಪ್ಲಂಬಿಂಗಿಗೆ ಬಂದಿದ್ದರು. ಬಿಳಿ ಗಡ್ಡ, ಶುಭ್ರವಾದ ಅಂಗಿ, ಬೈಕಿನ ಎರಡೂ ಕಡೆ ಚೀಲ. ಬಾಯ್ಲರನ್ನು ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿ ಹತ್ತಿರ ಇಟ್ಟರು.

"ಅಸಲಿ ಮಾಲು ಅಮ್ಮಾ. ಈಗ ಇಂಥಾದ್ದು ಸಿಗಲ್ಲ. ಮಾರ್ತೀರಾ?"

"ನೀರು ಕಾಯ್ಸಕ್ಕೆ ಕರ್ದಿದ್ದು ಭಾಯಿ," ಅಂದಳು ಅಮ್ಮ.

"ಕೇಳೋದ್ರಲ್ಲಿ ತಪ್ಪೇನೈತೆ." ಅವರು ಜೋತುಬಿದ್ದ ಪೈಪನ್ನು ನೋಡಿದರು, ಯಾರು ಮಾಡಿದ್ದು ಎಂದು ಕೇಳಲಿಲ್ಲ. "ತಾಮ್ರಕ್ಕೂ ಪ್ಲಾಸ್ಟಿಕ್ಕಿಗೂ ಡೈರೆಕ್ಟಾಗಿ ಸಂಬಂಧ ಮಾಡ್ಬಾರ್ದು. ಒಂದಕ್ಕೆ ಬೆಂಕಿ ಅಂದ್ರೆ ಖುಷಿ, ಇನ್ನೊಂದಕ್ಕೆ ಭಯ. ಒಲೆಯಿಂದ ದೂರಕ್ಕೆ ಒಂದು ಗಜ ತಾಮ್ರಾನೇ ಬರ್ಬೇಕು. ಅದರ ತುದೀಗೆ ಹಿತ್ತಾಳೆ. ಹಿತ್ತಾಳೆಯಿಂದ ಆಚೆ ಪ್ಲಾಸ್ಟಿಕ್ಕು. ಬೀಗರ ಮಧ್ಯ ದಲ್ಲಾಳಿ ಇರಲ್ವಾ, ಹಂಗೆ."

"ದಲ್ಲಾಳಿ ಮದ್ವೆ ಆಗಿದ್ದೇ ಹೊಂಟೋಗ್ತಾನೆ ಭಾಯಿ."

"ಇವ್ನು ಹೋಗಲ್ಲ. ಗ್ಯಾರಂಟಿ."

ಅವರು ಕೆಲಸ ಮಾಡುವುದನ್ನು ನಾನು ಬಾಗಿಲಿನಲ್ಲಿ ನಿಂತು ನೋಡಿದೆ. ತಾಮ್ರದ ಕೊಳವೆಯ ತುದಿಯನ್ನು ಉಜ್ಜುಕಾಗದದಿಂದ ತಿಕ್ಕಿ ಗುಲಾಬಿ ಬಣ್ಣಕ್ಕೆ ತಂದರು. ಅದಕ್ಕೆ ಒಂದು ಅಂಟು ಸವರಿ, ಹಿತ್ತಾಳೆಯ ತುಂಡನ್ನು ತೊಡಿಸಿ, ಸುತ್ತಲೂ ಜ್ವಾಲೆ ಆಡಿಸಿದರು. ಬೆಸುಗೆಯ ತಂತಿಯನ್ನು ಮುಟ್ಟಿಸಿದ್ದೇ ಅದು ಕರಗಿ, ಸಂದಿನೊಳಕ್ಕೆ ತಾನಾಗಿಯೇ ಹೀರಿಕೊಂಡಿತು. ಪ್ಲಾಸ್ಟಿಕ್ಕನ್ನು ಆಗ ಹತ್ತಿರಕ್ಕೂ ತರಲಿಲ್ಲ. ಎಲ್ಲ ತಣ್ಣಗಾಗುವವರೆಗೆ ಜಗಲಿಯ ಮೇಲೆ ಕುಳಿತು ಚಹಾ ಕುಡಿದರು. ಆಮೇಲೆ ಕೊಳವೆಯನ್ನು ಗೋಡೆಯ ತೂತಿನಿಂದ ಬಚ್ಚಲಿನೊಳಕ್ಕೆ ತೂರಿಸಿ, ಬಾಯ್ಲರಿನ ಮೂತಿಗೆ ಸೇರಿಸಿದರು. ಹಿತ್ತಾಳೆಯ ತಿರುಪಿನ ಗೆರೆಗಳಿಗೆ ಬಿಳಿ ಟೇಪನ್ನು ಸುತ್ತಿ, ಕಪ್ಲಿಂಗ್ ಅನ್ನು ಕೈಯಿಂದಲೇ ತಿರುಗಿಸಿದರು. ಕಪ್ಲಿಂಗ್ ಎಂದರೆ ಹೆಬ್ಬೆರಳುದ್ದದ ಪ್ಲಾಸ್ಟಿಕ್ ತುಂಡು. ಅದರ ಒಂದು ಬಾಯಿ ಲೋಹವನ್ನು ಕಚ್ಚುತ್ತದೆ, ಇನ್ನೊಂದಕ್ಕೆ ಪ್ಲಾಸ್ಟಿಕ್ ಪೈಪನ್ನು ಅಂಟಿಸುತ್ತಾರೆ. ಕೊನೆಯಲ್ಲಿ ಸ್ಪ್ಯಾನರಿನಿಂದ ಅರ್ಧ ಸುತ್ತು.

"ಸಾಕು. ಬಿಗಿ ಆಗ್ಲಿ ಅಂತ ಜಾಸ್ತಿ ತಿರುವಿದ್ರೆ ಇದು ಸೀಳ್ತೈತೆ," ಅಂದರು.

ಬಚ್ಚಲಿನ ಗೋಡೆಯಿಂದ ಒಂದು ಗೇಣು ತಾಮ್ರ ಹೊರಬಂದು, ಹಿತ್ತಾಳೆಯನ್ನು ದಾಟಿ, ಕೆನೆಬಣ್ಣದ ಪ್ಲಾಸ್ಟಿಕ್ಕಾಗಿ ನಲ್ಲಿಯ ಕಡೆಗೆ ಹೋಯಿತು. ಒಲೆ ಹಚ್ಚಿ, ನಲ್ಲಿ ತಿರುಗಿಸಿದೆವು. ಮುಟ್ಟಲಾಗದಷ್ಟು ಬಿಸಿನೀರು ಬಂತು. ಅಕ್ಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಆ ಹಬೆಯನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಬಾಗಿಲಿನ ಚಿಲಕವನ್ನು ಒಮ್ಮೆ ಹಾಕಿ, ತೆಗೆದು, ಹೊರಗೆ ಬಂದಳು.

ಅಮ್ಮನಿಗೆ ಆ ಒಂದು ಗೇಣು ತಾಮ್ರದ ಮೇಲೆ ಬಹಳ ಅಭಿಮಾನ. ನಮ್ಮ ಕಡೆ ಮನೆಯ ಹೆಂಗಸಿನ ಅಚ್ಚುಕಟ್ಟನ್ನು ಅಳೆಯುವುದು ತಾಮ್ರ ಹಿತ್ತಾಳೆಗಳಿಂದ. ಹುಣಸೆಹಣ್ಣಿಗೆ ನಮ್ಮಲ್ಲಿ ಬರವಿಲ್ಲ. ಅಮ್ಮ ಶುಕ್ರವಾರ ದೇವರ ದೀಪಗಳನ್ನು ಬೆಳಗುವಾಗ ಅದೇ ಹುಳಿ, ಅದೇ ಉಪ್ಪು ತಂದು ಪೈಪನ್ನೂ ಬೆಳಗುತ್ತಿದ್ದಳು. ತೊಳೆದು ಒರೆಸಿದ ಮೇಲೆ, ಮತ್ತೆ ಕಪ್ಪಾಗದಿರಲಿ ಎಂದು ಬಟ್ಟೆಗೆ ಎರಡು ಹನಿ ಕಡಲೆಕಾಯಿ ಎಣ್ಣೆ ಹಾಕಿಕೊಂಡು, ತಾಮ್ರದಿಂದ ಹಿತ್ತಾಳೆಯವರೆಗೆ ಒಂದು ಸಲ ಎಳೆಯುತ್ತಿದ್ದಳು. ದೀಪದ ಕಂಬಗಳಿಗೂ ಹಾಗೆಯೇ. ಬಾಗಿಲ ಕೀಲಿಗೂ, ಹೊಲಿಗೆ ಯಂತ್ರಕ್ಕೂ, ನಮ್ಮ ತಲೆಗೂ ಅದೇ ಎಣ್ಣೆ.

ಮೊದಲ ಬಿರುಕು ಬಂದದ್ದು ಕೆಲವು ವಾರಗಳ ನಂತರ. ಶಿರಾದ ಭಾಯಿ ಬಂದು, ಕಪ್ಲಿಂಗ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದರು.

"ಕಂಪನಿ ಮಾಲು ಸರಿಯಿಲ್ಲ," ಅಂದರು. ಬೇರೆ ಕಂಪನಿಯದು ಹಾಕಿದರು.

ಎರಡನೆಯದು ಬಿರುಕು ಬಿಟ್ಟಾಗ, ನಾನು ಹಲ್ಲುಜ್ಜುತ್ತಾ ನೋಡಿದೆನಲ್ಲ, ಆ ಸಲವೂ ಅವರೇ ಬಂದರು. ಟೇಪು ನೋಡಿದರು. ತಿರುಪಿನ ಗೆರೆಗಳ ಮೇಲೆ ಬೆರಳಾಡಿಸಿದರು. ಸ್ಪ್ಯಾನರನ್ನೂ ಒಮ್ಮೆ ತಿರುಗಿಸಿ ನೋಡಿದರು.

"ಅಮ್ಮಾ, ನನ್ನ ಕೈಯಿಂದ ಸಾವಿರ ಸಂದು ಹೋಗೈತೆ. ಒಂದೇ ಜಾಗದಾಗೆ ಎರಡು ಸಲ ಯಾವ್ದೂ ಸೀಳಿಲ್ಲ. ಈ ಬೋರ್‌ವೆಲ್ ನೀರಲ್ಲಿ ಏನೋ ಐತೆ."

"ನೀರಲ್ಲಿದ್ರೆ ನಾವು ಸೀಳ್ಬೇಕಿತ್ತಲ್ಲ ಭಾಯಿ," ಅಂದಳು ಅಮ್ಮ.

"ನೀವು ಪ್ಲಾಸ್ಟಿಕ್ಕಲ್ಲ."

ಅವರು ಮತ್ತೊಂದು ಕಪ್ಲಿಂಗ್ ಹಾಕಿ ಹೋದ ಮೇಲೆ ಅಮ್ಮ ಒಂದು ನಿಂಬೆಹಣ್ಣು, ಕೆಲವು ಹಸಿಮೆಣಸಿನಕಾಯಿ ಪೋಣಿಸಿ ಅದಕ್ಕೆ ಕಟ್ಟಿದಳು. ಅಂದು ಮಧ್ಯಾಹ್ನ ಅಕ್ಕ ತನ್ನ ಚೀಲವನ್ನು ಹೊರತೆಗೆದು, ಪಾವಗಡಕ್ಕೆ ಒಯ್ಯಬೇಕಾದ ಬಟ್ಟೆಗಳನ್ನು ಒಂದು ಕಡೆ, ಇಲ್ಲಿರಬೇಕಾದವನ್ನು ಇನ್ನೊಂದು ಕಡೆ ಮಡಿಸಿಡುತ್ತಿದ್ದಳು. ಪಾವಗಡದ ಕಡೆಯ ರಾಶಿ ದೊಡ್ಡದಾಗಿತ್ತು.

ಹನಿ ಸೋರುವುದು ದೊಡ್ಡ ವಿಷಯವಲ್ಲ, ಕೆಳಗೆ ಚೊಂಬು ಇಟ್ಟರಾಯಿತು. ಆದರೆ ಸೌದೆ ಚೆನ್ನಾಗಿ ಹತ್ತಿದಾಗ ಆ ಪೈಪಿನಲ್ಲಿ ಬರುವುದು ಹೆಚ್ಚುಕಡಿಮೆ ಕುದಿಯುವ ನೀರು. ಬಿರುಕು ಬಾಯಿ ಬಿಟ್ಟರೆ ಅದು ಚಿಮ್ಮುವುದು ಸರಿಯಾಗಿ ಬಾಣಂತಿಯನ್ನು ಕೂರಿಸುವ ಮಣೆಯ ಮೇಲೆ. ಬೀಗಿತ್ತಿಗೆ ಇದು ಗೊತ್ತಾದರೆ ಅವರು ಅಕ್ಕನನ್ನು ಕಾರಿನಲ್ಲಿ ಕೂರಿಸುತ್ತಾರೆ, ಹಾಗೆ ಮಾಡುವುದು ಸರಿಯಾಗಿಯೂ ಇರುತ್ತದೆ. ನನಗೆ ತೊಂದರೆಯಾದದ್ದು ಅದರಿಂದಲೇ. ಅವರು ತಪ್ಪು ಹೇಳುತ್ತಿದ್ದರೆ ಎದುರಾಡಬಹುದಿತ್ತು.

ಕಾರಣ ನನಗೆ ಹೊಳೆದದ್ದು ಓದಿನಿಂದಲ್ಲ, ಇರುವೆಗಳಿಂದ. ಆ ಶುಕ್ರವಾರ ಸಂಜೆ ಕೈಕಾಲು ತೊಳೆಯಲು ಹೋದಾಗ ಗೋಡೆಯ ಮೂಲೆಯಿಂದ ಸಣ್ಣ ಕೆಂಪಿರುವೆಗಳ ಸಾಲೊಂದು ತಾಮ್ರದ ಮೇಲೆ ಹತ್ತಿ, ಹಿತ್ತಾಳೆಯನ್ನು ಬಳಸಿ, ಕಪ್ಲಿಂಗಿನ ಅಂಚಿನಲ್ಲಿ ಗುಂಪಾಗಿ ನಿಂತಿತ್ತು. ಬಚ್ಚಲಿನಲ್ಲಿ ಇರುವೆಗೆ ಕೆಲಸವಿಲ್ಲ. ನಾನು ಅಂಚಿಗೆ ಬೆರಳು ತಾಗಿಸಿ ಮೂಸಿದೆ. ಒಗ್ಗರಣೆಗೆ ಮುಂಚಿನ ಅಡುಗೆಮನೆಯ ವಾಸನೆ.

ಅಮ್ಮ ಎಳೆದ ಎಣ್ಣೆ ಹಿತ್ತಾಳೆಯಲ್ಲಿ ನಿಲ್ಲುತ್ತಿರಲಿಲ್ಲ. ಬಿಸಿಗೆ ತೆಳ್ಳಗಾಗಿ, ತಿರುಪಿನ ಗೆರೆಗಳ ಸಂದಿನಲ್ಲಿ ಇಳಿದು, ಪ್ಲಾಸ್ಟಿಕ್ಕಿನ ಬಾಯಿಗೆ ಸೇರುತ್ತಿತ್ತು. ಬಿಗಿಯಾಗಿ ಹಿಗ್ಗಿಸಿಟ್ಟ ಕೆಲವು ಪ್ಲಾಸ್ಟಿಕ್ಕುಗಳು ಅಡುಗೆ ಎಣ್ಣೆ ತಾಗಿದರೆ ಒಳಗಿಂದೊಳಗೇ ಬಿರಿಯುತ್ತವೆ ಎಂದು ನಾನು ಯಾವಾಗಲೋ ಓದಿದ್ದೆ. ಓದಿದ್ದು ನಮ್ಮ ಬಚ್ಚಲಿಗೂ ಅನ್ವಯಿಸುತ್ತದೆ ಎಂದು ಯೋಚಿಸಿರಲಿಲ್ಲ.

ಅನುಮಾನದ ಮೇಲೆ ಅಮ್ಮನಿಗೆ ಹೇಳುವುದು ನನಗೆ ಸರಿ ಕಾಣಲಿಲ್ಲ. ಸದ್ಯಕ್ಕೆ ಕಪ್ಲಿಂಗಿನ ಅಂಚನ್ನು ಸೋಪಿನ ನೀರಿನಿಂದ ತೊಳೆದು, ಎಣ್ಣೆಬಟ್ಟೆಯನ್ನು ಬಚ್ಚಲಿನಿಂದ ತೆಗೆದಿಟ್ಟೆ. ಭಾಯಿ ಬಿಟ್ಟುಹೋಗಿದ್ದ ತುಂಡು ಪೈಪಿನಿಂದ ಎರಡು ಬಳೆಗಳನ್ನು ಕೊಯ್ದೆ. ಎರಡನ್ನೂ ಒಂದು ಕಡೆ ಸೀಳಿ, ಸೀಳಿನೊಳಗೆ ಪೆನ್ಸಿಲಿನ ತುಂಡು ತುರುಕಿ ಅಗಲಿಸಿದೆ. ಒಂದಕ್ಕೆ ಎಣ್ಣೆ ಸವರಿದೆ, ಇನ್ನೊಂದಕ್ಕೆ ಇಲ್ಲ. ಎರಡನ್ನೂ ಕಿಟಕಿಯಲ್ಲಿಟ್ಟು ಕಾಲೇಜಿಗೆ ಹೋಗಿಬರುತ್ತಿದ್ದೆ. ಅಮ್ಮ ಏನು ಎಂದು ಕೇಳಿದಾಗ ಕಾಲೇಜಿನದು ಅಂದೆ. ಕಾಲೇಜಿನದು ಅಂದರೆ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ.

ಆ ವಾರದಲ್ಲಿ ಅಕ್ಕನಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಇಬ್ಬರೂ ಆರೋಗ್ಯವಾಗಿದ್ದರು. ಆಸ್ಪತ್ರೆಯಿಂದ ಬಟ್ಟೆ ತರಲು ಮನೆಗೆ ಬಂದವಳು ಕಿಟಕಿಯ ಕಡೆ ನೋಡಿದೆ. ಒಣ ಬಳೆ ಇದ್ದ ಹಾಗೇ ಇತ್ತು. ಎಣ್ಣೆಯ ಬಳೆಯ ಬೆನ್ನಿನಲ್ಲಿ ಸಣ್ಣ ಸಣ್ಣ ಬಿರುಕುಗಳು ಪಕ್ಕಪಕ್ಕದಲ್ಲಿ ಎದ್ದಿದ್ದವು. ಎತ್ತಿಕೊಂಡದ್ದೇ ಎರಡು ತುಂಡಾಯಿತು.

ಸಂಜೆ ಅಮ್ಮ ಆಸ್ಪತ್ರೆಗೆ ಗಂಜಿ ಮಾಡುತ್ತಿದ್ದಾಗ ಒಲೆಯ ಪಕ್ಕದ ಕಟ್ಟೆಯ ಮೇಲೆ ಅವನ್ನು ಇಟ್ಟು, ಆದಷ್ಟು ಚಿಕ್ಕದಾಗಿ ವಿವರಿಸಿದೆ. ಅಮ್ಮ ಸೌಟನ್ನು ಕೆಳಗಿಡಲಿಲ್ಲ.

"ಎಣ್ಣೇನಾ?"

"ಹ್ಞೂಂ."

"ಬೀಗಿತ್ತಿ ಕಳ್ಸಿದ್ ಎಣ್ಣೆ."

"ಯಾವ ಎಣ್ಣೆಯಾದ್ರೂ ಅಷ್ಟೆ ಅಮ್ಮ."

ಅವಳು ಗಂಜಿ ತಿರುವಿದಳು. "ಮಗೂಗೆ ನೀರು ಬರ್ಲಿ ಅಂತ ತಾನೆ ನಾನು ವಾರಾ ವಾರಾ ಆ ಪೈಪ್ ಮುಂದೆ ಕೂತಿದ್ದು."

"ಗೊತ್ತು."

"ಇನ್ಮೇಲೆ ಎಣ್ಣೆ ಹಾಕಲ್ಲ. ಬರೀ ಹುಣ್ಸೆಹಣ್ಣು ಹಾಕಿದ್ರೆ ಸಂಜೆ ಹೊತ್ಗೆ ಕರ್ರಗಾತೈತೆ. ಆಗ್ಲಿ ಬುಡು." ಗಂಜಿಯ ಪಾತ್ರೆ ಇಳಿಸುತ್ತಾ ಅಂದಳು: "ಯಾರ್ಗೂ ಹೇಳ್ಬ್ಯಾಡ ಕಣೆ."

ನಾನು ಹೇಳುವವಳಲ್ಲ ಎಂದು ಅವಳಿಗೂ ಗೊತ್ತಿತ್ತು. ಭಾಯಿಗೆ ಮಾತ್ರ ಹೇಳಬೇಕಾಯಿತು, ನಾಲ್ಕನೇ ಕಪ್ಲಿಂಗ್ ಹಾಕಿಸುವಾಗ. ಎಣ್ಣೆ ಆಗಲೇ ಸೋಕಿದ್ದರಿಂದ ಹಿಂದಿನದನ್ನು ನಂಬುವ ಹಾಗಿರಲಿಲ್ಲ. ಅವರು ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಮುರಿದ ಬಳೆಯನ್ನು ಕೈಯಲ್ಲಿ ಹಿಡಿದು ನೋಡಿದರು.

"ಮೇಡಂ, ಎಣ್ಣೆ ಯಾರಿಗೇನು ಮಾಡ್ತೈತೆ? ನಾವು ತಿಂತೀವಿ."

"ನಾವು ಪ್ಲಾಸ್ಟಿಕ್ಕಲ್ಲ," ಅಂದೆ.

ಅವರು ಸ್ವಲ್ಪ ಯೋಚಿಸಿ, ಹಿತ್ತಾಳೆಯನ್ನು ಸೋಪಿನಿಂದ ತೊಳೆದು, ಒಣಗಿಸಿ, ಹೊಸ ಟೇಪು ಸುತ್ತಿದರು. ನಿಂಬೆಹಣ್ಣನ್ನು ಬಿಚ್ಚಿ ಜೋಪಾನವಾಗಿ ಪಕ್ಕಕ್ಕಿಟ್ಟು, ಕೆಲಸ ಮುಗಿದ ಮೇಲೆ ತಾವೇ ವಾಪಸ್ಸು ಕಟ್ಟಿದರು.

ಡಿಸ್ಚಾರ್ಜ್ ಆದ ದಿನ ಮಧ್ಯಾಹ್ನ ಬೀಗಿತ್ತಿ ಕಾರಿನಲ್ಲಿ ಬಂದರು. ಕಾರನ್ನು ಮನೆಯ ಮುಂದೆಯೇ ಹಿಂದುಮುಂದು ಮಾಡಿಸಿ, ಪಾವಗಡದ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿದರು. ಮಗುವನ್ನು ನೋಡಿದರು, ಅಕ್ಕನ ಕೆನ್ನೆ ಮುಟ್ಟಿದರು, ನನ್ನನ್ನು ನೋಡಿ, "ಏಂ ಅಮ್ಮಾಯೀ, ಇನ್ನೂ ಎಷ್ಟು ಓದ್ತೀಯ? ನಿನ್ನ ಅಕ್ಕನ ಮಗಳು ಓದಕ್ಕೆ ಶುರು ಮಾಡ್ತಾಳೆ," ಅಂದರು. ನಾನು ಓದುತ್ತಿಲ್ಲ, ಓದಿಸುತ್ತೇನೆ ಎಂದು ಹಿಂದೆಯೂ ಹೇಳಿದ್ದೆ. ಕಾಫಿ ಕುಡಿದು, ಕೈಚೀಲವನ್ನೂ ಹಿಡಿದುಕೊಂಡೇ ಬಚ್ಚಲಿಗೆ ನಡೆದರು. ಅಮ್ಮ ಹಿಂದೆ ಹೋದಳು. ನಾನು ಅಮ್ಮನ ಹಿಂದೆ.

ನಲ್ಲಿ ತಿರುಗಿಸಿದರು. ಹಬೆ ಎದ್ದಿತು. ಕೈ ಹಿಂದಕ್ಕೆಳೆದುಕೊಂಡು, "ಪರವಾಗಿಲ್ಲ," ಅಂದರು. ಕೆಳಗೆ ಬಗ್ಗಿ ಹನಿ ಇದೆಯೇ ಎಂದು ನೋಡಿದರು. ಇರಲಿಲ್ಲ. ಆಮೇಲೆ ಅವರ ಕಣ್ಣು ತಾಮ್ರದ ಮೇಲೆ ಬಿತ್ತು. ಅದು ಆ ಹೊತ್ತಿಗೆ ಹಳೆಯ ಚಪ್ಪಲಿಯ ಬಣ್ಣಕ್ಕೆ ತಿರುಗಿತ್ತು.

"ಇದೇನು ವದಿನಾ, ಇಂಗೈತೆ?"

"ಕೆಲ್ಸ ಜಾಸ್ತಿ ಆಯ್ತು ಬೀಗಿತ್ತಮ್ಮ," ಅಂದಳು ಅಮ್ಮ.

"ಒಂದು ಗೇಣು ತಾಮ್ರ ಬೆಳಗಕ್ಕೆ ಪುರುಸೊತ್ತಿಲ್ದೋರು ಬಾಣಂತನ ಹೆಂಗೆ ಮಾಡ್ತೀರಮ್ಮ?"

ಅಮ್ಮನ ಕಿವಿಯ ತುದಿ ಕೆಂಪಾದದ್ದನ್ನು ಹಿಂದಿನಿಂದ ನೋಡಿದೆ. ಮದುವೆಯಾದಾಗಿನಿಂದ ಅವಳಿಗೆ ಯಾರೂ ಈ ಮಾತು ಹೇಳಿರಲಿಲ್ಲ.

ಬೀಗಿತ್ತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಮನೆಯಿಂದ ಹುಣಸೆಹಣ್ಣು, ಉಪ್ಪು ತರಿಸಿಕೊಂಡು, ತಾವೇ ಮಣೆ ಹಾಕಿ ಕುಳಿತರು. ಚೆನ್ನಾಗಿ ತಿಕ್ಕಿದರು. ಅವರ ತೋಳಿನಲ್ಲಿ ಶಕ್ತಿಯಿತ್ತು. ತಾಮ್ರ ಬಾಳೆಹೂವಿನ ಒಳಪದರದ ಬಣ್ಣಕ್ಕೆ ಬಂತು. ನೀರು ಹಾಕಿ, ಒರೆಸಿ, ಕೈಚೀಲದಿಂದ ಒಂದು ಸೀಸೆ ತೆಗೆದರು. ಮಗುವಿನ ಮೈಗೆ ಹಚ್ಚಲೆಂದು ತಂದಿದ್ದ, ತಮ್ಮ ಹೊಲದ ಎಣ್ಣೆ. ಮುಚ್ಚಳ ತಿರುಗಿಸಿ, ಬಟ್ಟೆಯ ಮೇಲೆ ಬಗ್ಗಿಸಿದರು.

"ಬ್ಯಾಡ," ಅಂದಳು ಅಮ್ಮ.

ಬೀಗಿತ್ತಿ ತಲೆಯೆತ್ತಿದರು. ಅಮ್ಮ ಅವರಿಗೆ ಬೇಡ ಎಂದದ್ದು ಬಹುಶಃ ಅದೇ ಮೊದಲು. ಬಾಣಂತಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಕ್ಕ ಮಗುವನ್ನು ತಟ್ಟುತ್ತಿದ್ದ ಸದ್ದು ನಿಂತಿತು.

"ಎಣ್ಣೆ ಹಚ್ಬ್ಯಾಡಿ ಬೀಗಿತ್ತಮ್ಮ. ಎಣ್ಣೆ ತಾಗಿದ್ರೆ ಆ ಪ್ಲಾಸ್ಟಿಕ್ಕು ಸೀಳ್ತೈತೆ. ನಾನು ಹಚ್ಚಿ ಹಚ್ಚಿ ಎರಡು ಸಲ ಸೀಳ್ಸಿದ್ದೀನಿ. ನಿಮ್ಮ ಮುಂದೆ ಹೇಳ್ಬಾರ್ದು ಅಂತಿದ್ದೆ. ಈಗ ಸುಮ್ನಿದ್ರೆ ನಾಳಿದ್ದು ಕುದಿಯೋ ನೀರು ಮಗಳ ಮೇಲೆ ಬೀಳ್ತೈತೆ. ಕರ್ರಗಿರ್ಲಿ ಅಂತ ನಾನೇ ಬಿಟ್ಟಿದ್ದು. ಬೇಕಾದ್ರೆ ಇವ್ಳನ್ನ ಕೇಳಿ, ಕಿಟ್ಕೀಲಿಟ್ಟು ಪರೀಕ್ಷೆ ಮಾಡವ್ಳೆ."

ಅಮ್ಮ ಹಿಂದೆಂದಾದರೂ ಒಂದೇ ಉಸಿರಿನಲ್ಲಿ ಇಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ನಾನು ಹೋಗಿ ಕಿಟಕಿಯಿಂದ ಮುರಿದ ಬಳೆಯನ್ನೂ, ಬಿರುಕು ಬಿಟ್ಟ ಎರಡು ಕಪ್ಲಿಂಗುಗಳನ್ನೂ ತಂದೆ. ಕಪ್ಲಿಂಗುಗಳನ್ನು ಎಸೆದಿರಲಿಲ್ಲ. ನಾನು ಸಾಮಾನ್ಯವಾಗಿ ಏನನ್ನೂ ಬೇಗ ಎಸೆಯುವುದಿಲ್ಲ.

ಬೀಗಿತ್ತಿ ಎಣ್ಣೆಯ ಸೀಸೆಯ ಮುಚ್ಚಳವನ್ನು ಹಾಕಿ, ಕಪ್ಲಿಂಗನ್ನು ಕೈಗೆ ತೆಗೆದುಕೊಂಡರು. ಬಿರುಕಿನ ಮೇಲೆ ಉಗುರು ಆಡಿಸಿದರು. ಬಹಳ ಹೊತ್ತು ನೋಡಿದರು. ಕಾರಿನ ವಿಷಯವೇ ಈಗ ಬರುತ್ತದೆ ಎಂದುಕೊಂಡೆ.

"ಇಂಗೇನೇ," ಅಂದರು ಕೊನೆಗೆ, ಮೆಲ್ಲಗೆ. "ಸರಿಯಾಗಿ ಇಂಗೇ ಸೀಳಿತ್ತು."

"ಯಾವ್ದು?" ಅಂದಳು ಅಮ್ಮ.

"ನಮ್ಮನೇದು. ಗೀಸರ್ ಕೆಳಗೆ ಹಿತ್ತಾಳೆ ನಲ್ಲಿ ಐತಲ್ಲ, ಅದರ ಪಕ್ಕ. ಮೂರು ಜನ ಪ್ಲಂಬರ್‌ನ ಬೈದು ಕಳ್ಸಿದ್ದೀನಿ. ಒಬ್ಬನಂತೂ ಅತ್ತುಬುಟ್ಟ." ಅವರು ಸೀಸೆಯನ್ನು ನೋಡಿದರು, ಆಮೇಲೆ ತಮ್ಮ ಕೈಯ ಬಟ್ಟೆಯನ್ನು ನೋಡಿದರು. "ದಿನಾ ಹಚ್ತೀನಿ ನಾನು. ಫಳಫಳ ಅಂತಿರ್ತೈತೆ."

"ಈಗ ಸರಿ ಮಾಡ್ಸಿದ್ರಾ?"

"ಎಲ್ಲಿ? ಒಂದು ಗೀಸರ್ ನೀರು ನಿಲ್ಸಿ ಆರು ತಿಂಗ್ಳಾಯ್ತು. ಇನ್ನೊಂದು ನಿಮ್ಮ ಅಳಿಯನ ರೂಮಲ್ಲೈತೆ, ಅದೂ ಮೊನ್ನೆಯಿಂದ ಹನಿಯಾಕ್ತೈತೆ. ನಾನು ಒಲೆ ಮೇಲೇ ಕಾಯ್ಸ್ಕೊಂತೀನಿ."

ನಮ್ಮ ರಾಜ್ಯದ ಎಷ್ಟೋ ಮನೆಗಳಿಗೆ ಅವರ ಹೊಲದಿಂದ ಕರೆಂಟು ಹೋಗುತ್ತಿರಬೇಕು ಎಂಬ ಯೋಚನೆ ನನಗೆ ಬಂತು. ಅದನ್ನು ಹೇಳುವ ಸಂದರ್ಭ ಅದಾಗಿರಲಿಲ್ಲ. ಒಳಗಿನಿಂದ ಅಕ್ಕ ಸಣ್ಣಗೆ ಕೆಮ್ಮಿದಳು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತು.

"ನಗು ನಗು," ಅಂದರು ಬೀಗಿತ್ತಿ ಕೋಣೆಯ ಕಡೆಗೆ. "ಮೊದ್ಲೇ ಗೊತ್ತಿತ್ತು ತಾನೆ ನಿಂಗೆ, ಅಲ್ಲಿ ಗೀಸರ್ ನಡೀತಿಲ್ಲ ಅಂತ? ಬಾಯಿ ಬಿಟ್ಟು ಹೇಳಕ್ಕೆ ಏನಾಗಿತ್ತೇ?"

"ನಿಮ್ಮ ಮರ್ಯಾದೆ ಅತ್ತೆ," ಅಂದಳು ಅಕ್ಕ ಒಳಗಿನಿಂದಲೇ.

ಬೀಗಿತ್ತಿ ಎದ್ದು, ಸಿಕ್ಕಿಸಿದ್ದ ಸೆರಗು ಬಿಡಿಸಿ ಕೈ ಒರೆಸಿಕೊಂಡರು. "ಸರೇ. ಇಲ್ಲೇ ಇರ್ಲಿ ಬುಡು ವದಿನಾ. ನಾನೂ ಇವತ್ತು ಇಲ್ಲೇ ಇದ್ದು, ನಾಳೆ ನೀರು ಹಾಕೋದು ನೋಡ್ಕೊಂಡು ಹೋಗ್ತೀನಿ." ಹೊರಗೆ ಹೋಗಿ ಕಾರಿನವನಿಗೆ ನಾಳೆ ಬಾ ಎಂದರು. ಅಮ್ಮ ಬಚ್ಚಲಿನಲ್ಲೇ ನಿಂತು, ಒಣ ಸೆರಗಿನಿಂದ ಕಪ್ಲಿಂಗನ್ನು ಮತ್ತೊಮ್ಮೆ ಒರೆಸುತ್ತಿದ್ದಳು. ಒಂದು ಹನಿ ಎಣ್ಣೆಯೂ ಅದರ ಮೇಲೆ ಬಿದ್ದಿರಲಿಲ್ಲ. ನೋಡಿಯೇ ಹೇಳಬಹುದಿತ್ತು. ಆದರೂ ನಾನೂ ಒಮ್ಮೆ ಮೂಸಿದೆ.

ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದು ಸೌದೆ ಜೋಡಿಸಿ ಒಲೆ ಹಚ್ಚಿದೆ. ನೀರು ಕಾದ ಮೇಲೆ ಸಂದಿನ ಕೆಳಗೆ ಬೆರಳಿಟ್ಟು ನೋಡಿದೆ, ಒಣಗಿತ್ತು. ಅಮ್ಮ ಅಕ್ಕನ ಕೈ ಹಿಡಿದುಕೊಂಡು ಒಳಗೆ ಹೋದಳು. ಬೀಗಿತ್ತಿಯೂ ಸೆರಗು ಸಿಕ್ಕಿಸಿಕೊಂಡು ಹೊರಟಿದ್ದರು. ನಾನು ಬಚ್ಚಲಿನ ಬಾಗಿಲ ಪಕ್ಕದಲ್ಲಿ ಅವರಿಗೊಂದು ಮಣೆ ಹಾಕಿ, ಕಾಫಿ ಲೋಟ ಕೈಗೆ ಕೊಟ್ಟು, "ಅತ್ತೆ, ಗೀಸರ್ ಹತ್ರ ಯಾವ ಸೈಜಿನ ಕಪ್ಲಿಂಗ್ ಇದೆ?" ಎಂದು ಕೇಳಿದೆ. ಅವರು ಕುಳಿತು, ಬೆರಳುಗಳಲ್ಲಿ ಅಳತೆ ತೋರಿಸತೊಡಗಿದರು. ಒಳಗೆ ಚಿಲಕ ಬಿದ್ದ ಸದ್ದಾಯಿತು, ಆಮೇಲೆ ನೀರಿನ ಸದ್ದು. ಅದು ನಿಲ್ಲುವವರೆಗೆ ಕಪ್ಲಿಂಗುಗಳ ಬಗ್ಗೆ ನನಗೆ ಗೊತ್ತಿದ್ದದ್ದನ್ನೆಲ್ಲ ಅವರಿಗೆ ಹೇಳಿದೆ. ನಂತರ ಕೊರಟಗೆರೆಯ ಬಸ್ಸು ಹಿಡಿದೆ.